ಕೊಕ್ಕೆಯಕ್ಕ ಕೊಟ್ಟ ಮಾತು

ಕೊಕ್ಕೆ ಹಾಕುವುದು ಬೇರೆಯವರಿಗೆ ಕೆಟ್ಟ ಬುದ್ಧಿ; ನಮ್ಮ ಬೀದಿಯ ಕೊಕ್ಕೆಯಕ್ಕನಿಗೆ ಅದು ಕಸುಬು. ದಾರಿಯಲ್ಲಿ ಕೆಟ್ಟು ನಿಂತ, ಚರಂಡಿಗೆ ಇಳಿದ, ಮಗುಚಿ ಬಿದ್ದ ಗಾಡಿಗಳಿಗೆ ಕೊಕ್ಕೆ ಹಾಕಿ ಎಳೆದು ತರುವ ಲಾರಿ ಅವಳದು. ಲಾರಿಯ ಬೆನ್ನ ಮೇಲೆ ಕಬ್ಬಿಣದ ಒಂದು ತೋಳು, ಅದರ ಬುಡದಲ್ಲಿ ಉಕ್ಕಿನ ಹಗ್ಗ ಸುತ್ತಿದ ದಪ್ಪ ಉರುಳೆ. ಅದು ಅವಳ ಅಪ್ಪನ ಕಾಲದ್ದು. ಅಪ್ಪ ತೀರಿಕೊಂಡಾಗ ಅಣ್ಣಂದಿರು ಅದನ್ನು ಗುಜರಿಗೆ ಕಳಿಸಲು ಹೊರಟಿದ್ದರಂತೆ. ಮನೆಯಲ್ಲಿ ನನಗೆ ಬರಬೇಕಾದ್ದನ್ನೆಲ್ಲ ನೀವೇ ಇಟ್ಟುಕೊಳ್ಳಿ, ಮುದುಕಿಯನ್ನು ನನಗೆ ಕೊಡಿ ಎಂದು ಇವಳು ಕೇಳಿ ಪಡೆದಳು. ಮುದುಕಿ ಎಂದರೆ ಆ ಲಾರಿ. ಹೆಣ್ಣುಮಗಳೊಬ್ಬಳು ಲಾರಿ ಓಡಿಸಿಕೊಂಡು ನಮ್ಮ ಬೀದಿಗೆ ಮೊದಲ ಸಲ ಬಂದಾಗ ನಾವೆಲ್ಲ ಕೈಲಿದ್ದ ಕೆಲಸ ಬಿಟ್ಟು ನೋಡಿದ್ದೆವು, ನಕ್ಕೂ ಇದ್ದೆವು. ಅವಳ ಹಿಂದೆ ಕೊಕ್ಕೆಗೆ ಜೋತು ಬಿದ್ದು ಒಂದು ಇಡೀ ಬಸ್ಸು ಬರುತ್ತಿರುವುದು ಕಣ್ಣಿಗೆ ಬಿದ್ದಾಗ ನಗು ನಿಂತಿತು.

ಆ ಬಸ್ಸಿನ ಡೀಸೆಲ್ ಪಂಪು ಕೆಟ್ಟಿತ್ತು. ಪಂಪು ರಿಪೇರಿಗೆ ನಮ್ಮ ಬೀದಿಯಲ್ಲಿ ಇದ್ದವನು ಒಬ್ಬನೇ, ಪಂಪಣ್ಣ. ಬಸ್ಸು ಸರಿಯಾಗಿ ಹೊರಟುಹೋಯಿತು. ಲಾರಿ ಮಾತ್ರ ಏನಾದರೊಂದು ನೆಪ ಹುಡುಕಿಕೊಂಡು ಅವನ ಅಂಗಡಿಯ ಮುಂದೆ ನಿಲ್ಲತೊಡಗಿತು. ಆ ಮದುವೆಗೆ ಸಂಬಂಧ ಕುದುರಿಸಿದ್ದು ಒಂದು ಕೆಟ್ಟ ಪಂಪು ಎಂದು ಬೀದಿಯಲ್ಲಿ ಇವತ್ತಿಗೂ ಹೇಳುತ್ತಾರೆ.

ನಾನು ಅವರ ಎದುರಿಗೆ ಟೈರ್ ಅಂಗಡಿ ಇಟ್ಟುಕೊಂಡವನು. ಗಾಳಿ ತುಂಬುತ್ತ, ಪಂಕ್ಚರ್ ಹಾಕುತ್ತ ಆ ಮನೆಯ ಕತೆಯನ್ನು ಅರ್ಧ ಆಯಸ್ಸು ನೋಡಿದ್ದೇನೆ. ಆದ್ದರಿಂದ ನಾನು ಹೇಳುವುದರಲ್ಲಿ ಹೆಚ್ಚಿನದು ಕಂಡದ್ದು. ಕಾಣದ್ದನ್ನು ಅವಳೇ ಆಮೇಲೆ ಹೇಳಿದಳು.

ನಮ್ಮ ಬೀದಿ ಇರುವುದು ಬೆಟ್ಟದ ರಸ್ತೆ ಶುರುವಾಗುವ ಕಡೆ. ಏರು ಹತ್ತಲಾಗದೆ ಉಸಿರು ಬಿಟ್ಟ ಗಾಡಿಗಳೂ, ಇಳಿಯುವಾಗ ಬ್ರೇಕು ಸುಟ್ಟುಕೊಂಡವೂ ನಮ್ಮ ಅನ್ನ. ಎರಡೂ ಬದಿಗೆ ತಗಡಿನ ಚಾವಣಿಯ ಅಂಗಡಿಗಳು, ನೆಲವೆಲ್ಲ ಎಣ್ಣೆ ಕುಡಿದು ಕಪ್ಪಾಗಿ ಗಟ್ಟಿಯಾದ ಮಣ್ಣು. ಪಂಪಣ್ಣನ ಅಂಗಡಿಯ ಒಳಗೆ ಮಾತ್ರ ಒಂದು ಚೂರು ಧೂಳಿರುವುದಿಲ್ಲ. ಒಂದು ಕಣ ಧೂಳು ಹೋದರೂ ಡೀಸೆಲ್ ಪಂಪು ಕೆಡುತ್ತದೆ. ಹಾಗಾಗಿ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೈ ಒರೆಸಿಕೊಂಡು ಒಳಗೆ ಹೋಗಬೇಕು. ಒಳಗೆ, ಗೋಡೆಯುದ್ದಕ್ಕೂ ನಿಂತಿರುವುದು ಅವನ ಬೆಂಚು. ಬೆಂಚು ಎಂದರೆ ಕೂರುವ ಬೆಂಚಲ್ಲ. ಪಂಪನ್ನೂ, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನೂ ಕಟ್ಟಿ ತಿರುಗಿಸಿ ನೋಡುವ ಯಂತ್ರ. ಅದರ ಎದೆಯಲ್ಲಿ ಸಾಲಾಗಿ ಗಾಜಿನ ಕೊಳವೆಗಳು. ಎಲ್ಲದರಲ್ಲೂ ಎಣ್ಣೆ ಒಂದೇ ಮಟ್ಟಕ್ಕೆ ಏರಿದರೆ ಪಂಪು ಸರಿ ಇದೆ ಎಂದರ್ಥ. ಹೊಸ ತರದ ಇಂಜೆಕ್ಟರುಗಳನ್ನೂ ನೋಡಲು ಬರುವಂತೆ ಪಂಪಣ್ಣ ಅದಕ್ಕೆ ಕಷ್ಟಪಟ್ಟು ಬೇಕಾದ್ದನ್ನೆಲ್ಲ ಜೋಡಿಸಿದ್ದ. ಜೋಡಿಸಿ ಮುಗಿಸುವ ಹೊತ್ತಿಗೆ, ಡೀಸೆಲ್ಲಿನ ಕಾಲವೇ ಮುಗಿಯಿತು ಎಂದು ಜನ ಹೇಳತೊಡಗಿದರು.

ಹೇಳುವವರಲ್ಲಿ ಮುಂದಿದ್ದವನು ಅವನ ಸ್ವಂತ ತಮ್ಮ. ಗಾಡಿಗಳ ವೈರಿಂಗ್ ಕೆಲಸ ಮಾಡುವವನು, ಬಾಯಿ ಬಿಟ್ಟರೆ ಬ್ಯಾಟರಿ. ನಾವು ಅವನನ್ನು ಕರೆಯುವುದು ಕರೆಂಟು ಎಂದು. ಇನ್ನು ಮುಂದೆ ಬರುವುದೆಲ್ಲ ಬ್ಯಾಟರಿ ಗಾಡಿ, ಬೆಂಚನ್ನು ಕೊಳ್ಳುವವರಿರುವಾಗಲೇ ಮಾರಿಬಿಡು, ಆ ಗೋಡೆಗೆ ಚಾರ್ಜಿಂಗ್ ಪೆಟ್ಟಿಗೆಗಳನ್ನು ಹಾಕೋಣ ಎಂದು ಅವನು ಅಣ್ಣನ ಕಿವಿ ಕಚ್ಚುತ್ತಿದ್ದ. ಕೆಟ್ಟ ಮನಸ್ಸಿನಿಂದಲ್ಲ, ಅಣ್ಣ ಮುಳುಗುವುದನ್ನು ನೋಡಲಾರದೆ. ಕೊಕ್ಕೆಯಕ್ಕನೂ ಮೈದುನನ ಕಡೆಯೇ ಇದ್ದಳು. ಬೆಂಚಿಗೆ ಕೆಲಸ ಕಡಿಮೆಯಾಗಿತ್ತು. ಅದು ಹೋದರೆ ಜಾಗವಾದರೂ ಆಗುತ್ತದೆ ಎಂದು ಅವಳು ಗಂಡನಿಗೆ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಪಂಪಣ್ಣ ಹೂಂ ಎನ್ನುತ್ತಿದ್ದ, ಉಹೂಂ ಎನ್ನುತ್ತಿದ್ದ, ಎದ್ದು ಹೋಗಿ ಬೆಂಚು ಒರೆಸುತ್ತಿದ್ದ.

ಇಂಥ ಹೊತ್ತಿನಲ್ಲಿ ಆ ವೇಷದ ಗಾಡಿಗಳು ಬಂದವು.

ಒಂದು ದೊಡ್ಡ ಕಂಪನಿ ಹೊಸ ಪಿಕಪ್ ಗಾಡಿಯನ್ನು ಮಾಡುತ್ತಿತ್ತು. ಮಾರಾಟಕ್ಕೆ ಬಿಡುವ ಮೊದಲು ಭಾರ ಹೇರಿ ಬೆಟ್ಟ ಹತ್ತಿಸಿ ಇಳಿಸಿ ನೋಡಲು ನಮ್ಮ ರಸ್ತೆಯನ್ನು ಆರಿಸಿಕೊಂಡಿದ್ದರು. ಗಾಡಿಯ ಆಕಾರ ತಿಳಿಯದಂತೆ ಮೈಗೆಲ್ಲ ಕಪ್ಪು ಬಿಳುಪು ಸುರುಳಿಗಳ ಸ್ಟಿಕ್ಕರು, ಮೂತಿಗೆ ಮುಸುಕು ಹಾಕಿದಂತೆ ದಪ್ಪ ಬಟ್ಟೆ. ಒಂದೇ ವೇಷದ ಗಾಡಿಗಳು ಹಲವು. ಒಂದು ಸದ್ದಿಲ್ಲದೆ ಹೋಗುತ್ತಿತ್ತು, ಒಂದು ಗೊಣಗುತ್ತ ಹೋಗುತ್ತಿತ್ತು, ಇನ್ನೊಂದು ಗುಟುರು ಹಾಕುತ್ತಿತ್ತು. ಇವುಗಳಲ್ಲಿ ಯಾವುದು ಕೊನೆಗೆ ಮಾರಾಟಕ್ಕೆ ಬರುತ್ತದೆ, ಬ್ಯಾಟರಿಯದೋ ಪೆಟ್ರೋಲಿನದೋ ಡೀಸೆಲ್ಲಿನದೋ, ಯಾರಿಗೂ ಗೊತ್ತಿರಲಿಲ್ಲ. ಸುತ್ತಿನ ಊರುಗಳಲ್ಲಿ ಸರಕು ಸಾಗಿಸುವವರೆಲ್ಲ ಓಡಿಸುವುದು ಆ ಕಂಪನಿಯ ಪಿಕಪ್ಪನ್ನೇ. ಹೊಸದು ಡೀಸೆಲ್ ಆದರೆ ನಮ್ಮ ಬೀದಿಗೆ ಇನ್ನೊಂದು ತಲೆಮಾರಿನ ಕೆಲಸ. ಅಲ್ಲವಾದರೆ ಅರ್ಧ ಅಂಗಡಿಗಳಿಗೆ ಬೀಗ.

ಹೀಗಾಗಿ ಬೀದಿಯಲ್ಲಿ ಆ ಗಾಡಿಯದ್ದೇ ಮಾತು. ಗೇರ್ ಬಾಕ್ಸ್ ಬಿಚ್ಚಿ ಕೂರಿಸುವುದರಲ್ಲೇ ತಲೆ ಬೆಳ್ಳಗಾದ ಗೇರಜ್ಜ ಒಬ್ಬರಿದ್ದಾರೆ, ನಮಗೆಲ್ಲ ಹಿರಿಯರು. ಒಂದು ಗಾಡಿ ಟೀ ಅಂಗಡಿಯ ಮುಂದೆ ನಿಂತಾಗ ಅವರು ಅದರ ಪಕ್ಕದಲ್ಲೇ ರಸ್ತೆಯ ಮೇಲೆ ಉದ್ದಕ್ಕೆ ಮಲಗಿಬಿಟ್ಟರು. ಡ್ರೈವರು ಹೆದರಿ ಏನಾಯಿತು ಎಂದು ಕೇಳಿದರೆ ಸ್ಕ್ರೂ ಬಿದ್ದುಹೋಯಿತು ಎಂದರು. ಎದ್ದು ಬಂದು, ಕೆಳಗೂ ತಗಡು ಬಡಿದಿದ್ದಾರೆ ಕಣ್ರೋ, ಮನೆ ಮಗಳನ್ನು ಕಾದಂತೆ ಕಾಯ್ತಾರೆ ಎಂದು ಬೇಸರ ಮಾಡಿಕೊಂಡರು. ಪಂಪಣ್ಣ ಗಾಡಿ ಹೋದ ಮೇಲೆ ರಸ್ತೆಯ ಮಧ್ಯೆ ನಿಂತು ಗಾಳಿ ಮೂಸುತ್ತಿದ್ದ. ಡೀಸೆಲ್ಲೇ, ನಾಲ್ಕು ಸಿಲಿಂಡರು, ಕಡೆಪಕ್ಷ ಹೊಗೆಯಾದರೂ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದ. ಆ ಸದ್ದೆಲ್ಲ ನಮ್ಮನ್ನು ಏಮಾರಿಸಲು ಸ್ಪೀಕರಿನಲ್ಲಿ ಹಾಕುವುದು ಎಂದು ಕರೆಂಟು ಸಾಧಿಸುತ್ತಿದ್ದ. ಗಾಳಿ ಹಿಡಿಸಲು ಒಂದು ಗಾಡಿ ನನ್ನ ಅಂಗಡಿಗೂ ಬಂತು. ನಾನು ಮೈಯೆಲ್ಲ ಕಣ್ಣಾಗಿ ನೋಡಿದೆ. ಟೈರಿನ ಮೇಲಿನ ಹೆಸರನ್ನು ಕೂಡ ಉಜ್ಜಿ ಅಳಿಸಿದ್ದರು. ಆದರೂ ಸಂಜೆ ಎಲ್ಲರೆದುರು, ಹಿಂದಿನ ಆಕ್ಸಲ್ ನೋಡಿದರೆ ಭಾರಿ ಎಂಜಿನ್ನೇ ಇರಬೇಕು ಎಂದು ಗಂಭೀರವಾಗಿ ಹೇಳಿದೆ. ಏನಾದರೂ ಹೇಳಲೇಬೇಕಲ್ಲ.

ಕೊಕ್ಕೆಯಕ್ಕ ಈ ಮಾತುಗಳಿಗೆ ಕಿವಿ ಕೊಟ್ಟವಳಲ್ಲ. ಬಂದಾಗ ಗೊತ್ತಾಗುತ್ತೆ, ಹೊಟ್ಟೆಯಲ್ಲಿರುವ ಕೂಸಿಗೆ ಯಾಕೆ ಜಗಳ ಎಂದು ಲಾರಿಗೆ ಗ್ರೀಸು ಹಾಕುತ್ತಿದ್ದಳು.

ಒಂದು ವಾರ ಮಳೆ ಹಿಡಿದು ಬಿಟ್ಟ ಬೆಳಿಗ್ಗೆ ಅವಳಿಗೆ ಫೋನು ಬಂತು. ಬೆಟ್ಟದ ನಡುವಿನ ತಿರುವಿನಲ್ಲಿ ರಸ್ತೆಯ ಅಂಚು ಕುಸಿದು ಕಂಪನಿಯ ಒಂದು ಗಾಡಿ ಕೆಳಗೆ ಜಾರಿದೆ, ಮರವೊಂದಕ್ಕೆ ಆತುಕೊಂಡು ನಿಂತಿದೆ, ಡ್ರೈವರು ಹೊರಗೆ ಬಂದಿದ್ದಾನೆ. ನಗರದಿಂದ ದೊಡ್ಡ ಕ್ರೇನು ಬರಲು ನಾಳೆಯಾಗುತ್ತದೆ, ನೀವು ಒಮ್ಮೆ ಬಂದು ನೋಡುತ್ತೀರಾ ಎಂದು ಕೇಳಿದರು. ನಾವೆಲ್ಲ ನಾನೂ ಬರುತ್ತೇನೆ, ನಾನೂ ಬರುತ್ತೇನೆ ಎಂದು ಲಾರಿಗೆ ಮುತ್ತಿದೆವು. ಒಬ್ಬರೇ ಬನ್ನಿ ಎಂದಿದ್ದಾರೆ ಎಂದು ಅವಳು ಎಲ್ಲರನ್ನೂ ಇಳಿಸಿದಳು, ಗಂಡನನ್ನೂ.

ಮುಂದಿನದು ಅವಳು ಹೇಳಿದ್ದು.

ಹೋಗಿ ನೋಡಿದರೆ ಗಾಡಿ ಮೂತಿ ಮೇಲೆ ಮಾಡಿಕೊಂಡು ಇಳಿಜಾರಿನಲ್ಲಿ ಓರೆಯಾಗಿ ಕೂತಿತ್ತು. ಹಿಂದಿನ ತೊಟ್ಟಿಯಲ್ಲಿ ಪರೀಕ್ಷೆಗೆಂದು ಹೇರಿದ್ದ ಮರಳಿನ ಚೀಲಗಳು ಅದನ್ನು ಕೆಳಕ್ಕೆ ಜಗ್ಗುತ್ತಿದ್ದವು. ಆತುಕೊಂಡಿದ್ದ ಮರದ ಬೇರು ಒಂದು ಕಡೆ ಆಗಲೇ ಎದ್ದಿತ್ತು. ಕೆಳಗೆ ಹಳ್ಳದ ಸದ್ದು ಕೇಳುತ್ತಿತ್ತು, ಹಳ್ಳ ಕಾಣುತ್ತಿರಲಿಲ್ಲ. ಪರೀಕ್ಷೆಯ ತಂಡಕ್ಕೆ ಮುಖ್ಯಸ್ಥೆಯಾಗಿದ್ದವಳು ಒಬ್ಬ ಇಂಜಿನಿಯರ್, ಬಿಸಿಲಿಗೆ ಕಂದಿದ ಮುಖದ ಮೂವತ್ತು ದಾಟಿದ ಹೆಂಗಸು. ಮೊಣಕಾಲಿನವರೆಗೂ ಕೆಸರಾಗಿ ನಿಂತಿದ್ದಳು. ಡ್ರೈವರು ಪಕ್ಕದಲ್ಲಿದ್ದ. ಕೊಕ್ಕೆಯಕ್ಕನನ್ನು ಕಂಡದ್ದೇ ಅವನು ಬಡಬಡಿಸಿದ.

“ಅಕ್ಕಾ, ಹೇಗಾದ್ರೂ ಮಾಡಿ. ಉಳಿದವೆಲ್ಲ ಬರೀ ಪ್ರಯೋಗಕ್ಕೆ. ಮಾರಾಟಕ್ಕೆ ಬರೋದು ಇದೇ, ಈ ಡೀಸೆಲ್ಲೇ. ಇದು ಹೋದ್ರೆ ಎಲ್ಲಾ ಮೊದಲಿಂದ.”

ಇಂಜಿನಿಯರ್ ಅವನತ್ತ ನೋಡಿದ ನೋಟಕ್ಕೆ ಅವನ ಬಾಯಿ ಮುಚ್ಚಿತು. ಆದರೆ ಆಡಿದ ಮಾತು ಆಡಿಯಾಗಿತ್ತು. ಅವಳು ಕೊಕ್ಕೆಯಕ್ಕನ ಕಡೆ ತಿರುಗಿದಳು.

“ಅಕ್ಕ, ನಿಮ್ಮ ಮನೆಯವರು ಪಂಪು ರಿಪೇರಿ ಮಾಡ್ತಾರೆ ಅಂತ ಕೇಳಿದೀನಿ. ಈಗ ಕೇಳಿಸ್ಕೊಂಡಿದ್ದು ಬಿಡುಗಡೆ ಆಗೋವರೆಗೂ ಯಾರಿಗೂ ಹೋಗಬಾರದು. ಕಾಗದ ಗೀಗದ ಕೇಳಲ್ಲ. ಮಾತು ಕೊಡ್ತೀರಾ?”

“ಮೊದಲು ಗಾಡಿ ಮೇಲೆ ಬರಲಿ,” ಎಂದಳಂತೆ ಇವಳು. “ಆಮೇಲೆ ಮಾತು ಕೊಟ್ಟೆ ಅಂತಲೇ ಇಟ್ಕೊಳ್ಳಿ.”

ನೇರವಾಗಿ ಎಳೆದರೆ ಮೆತ್ತಗಾದ ಅಂಚು ಇನ್ನಷ್ಟು ಕುಸಿದು ಮುದುಕಿಯೂ ಕೆಳಗೆ ಹೋಗುತ್ತಿದ್ದಳು. ರಸ್ತೆಯ ಒಳಬದಿಯಲ್ಲಿ, ಸ್ವಲ್ಪ ಮೇಲಕ್ಕೆ, ಮನೆಯಷ್ಟು ದೊಡ್ಡ ಬಂಡೆ ಇತ್ತು. ಅದರ ನಡುವಿಗೆ ಸರಪಳಿ ಸುತ್ತಿ ಅಲ್ಲಿಗೊಂದು ರಾಟೆ ಕಟ್ಟಿ, ಉಕ್ಕಿನ ಹಗ್ಗವನ್ನು ಅದರ ಮೂಲಕ ತಿರುಗಿಸಿದರೆ ಗಾಡಿ ಓರೆಯಾಗಿ ಜಾರುತ್ತ ನೆಲ ಗಟ್ಟಿಯಿದ್ದ ಕಡೆಗೆ ಬರಬಹುದು ಎಂದು ಅವಳಿಗೆ ತೋರಿತು. ಇಂಜಿನಿಯರ್ ಒಂದು ಕಡ್ಡಿ ಹಿಡಿದು ಕೆಸರಿನಲ್ಲೇ ಭಾರ ಎಷ್ಟು, ಯಾವ ಕಡೆ ಜಗ್ಗುತ್ತದೆ ಎಂದು ಲೆಕ್ಕ ಬರೆದಳು. ಮೊದಲು ಚೀಲಗಳನ್ನು ಇಳಿಸಬೇಕು, ಇಲ್ಲದಿದ್ದರೆ ರಾಟೆ ತಡೆಯುವುದಿಲ್ಲ ಎಂದು ತೋರಿಸಿಕೊಟ್ಟಳು. ಅದು ನನಗೆ ಹೊಳೆದಿರಲಿಲ್ಲ, ಚೀಲದ ಸಮೇತ ಎಳೆದಿದ್ದರೆ ಅವತ್ತು ಕತೆ ಮುಗಿಯುತ್ತಿತ್ತು ಎಂದು ಕೊಕ್ಕೆಯಕ್ಕ ಇವತ್ತಿಗೂ ಹೇಳುತ್ತಾಳೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಬ್ಬರೂ ಇಳಿದು, ತಂಡದವರೆಲ್ಲ ಸಾಲಾಗಿ ನಿಂತು, ಚೀಲಗಳನ್ನು ಕೈಯಿಂದ ಕೈಗೆ ದಾಟಿಸಿದರು. ಇನ್ನೊಂದು ಹಗ್ಗವನ್ನು ಗಾಡಿ ಮಗುಚದಂತೆ ಅಡ್ಡಕ್ಕೆ ಬಿಗಿದರು. ಕೊಕ್ಕೆಯಕ್ಕ ಗಾಡಿಯ ಕೆಳಗೆ ಬೆನ್ನ ಮೇಲೆ ತೆವಳಿ ಕೊಕ್ಕೆ ಹಾಕಿ ಬಂದಳು.

ಸ್ಟೀರಿಂಗ್ ತಿರುಗಿಸಲು ಒಬ್ಬರು ಒಳಗೆ ಕೂರಬೇಕಿತ್ತು. ಡ್ರೈವರಿಗೆ ಮತ್ತೆ ಹತ್ತುವ ಧೈರ್ಯವಿರಲಿಲ್ಲ. ನಾನೇ ಕೂರುತ್ತೇನೆ ಎಂದು ಇಂಜಿನಿಯರ್ ಹತ್ತಿ ಎಂಜಿನ್ ಚಾಲೂ ಮಾಡಿದಳು. ಒಂದು ಬಾಗಿಲನ್ನು ತೆಗೆದೇ ಇಟ್ಟು, ಏನಾದರೂ ಆದರೆ ಮರದ ಕಡೆ ಹಾರು ಎಂದು ಇವಳು ಹೇಳಿ ಬಂದು ಉರುಳೆಯ ಸನ್ನೆಗೋಲನ್ನು ಹಿಡಿದಳು. ಹಗ್ಗ ಬಿಗಿಯಾಯಿತು. ಬಂಡೆಯ ಸರಪಳಿ ಕಿರುಗುಟ್ಟಿತು. ಮುದುಕಿಯ ಮುಂದಿನ ಚಕ್ರಗಳು ಒಮ್ಮೆ ನೆಲ ಬಿಟ್ಟು ಎದ್ದು ಮತ್ತೆ ಕೂತವು. ಅವಳು ನಿಲ್ಲಿಸಿ, ಲಾರಿಯ ಚಕ್ರಕ್ಕೆ ಕಲ್ಲು ಕೊಟ್ಟು, ಮತ್ತೆ ಎಳೆದಳು. ಒಂದು ಗೇಣು ಎಳೆಯುವುದು, ನಿಲ್ಲಿಸುವುದು, ಇಳಿದು ಹೋಗಿ ಎಲ್ಲ ಗಂಟುಗಳನ್ನು ಮುಟ್ಟಿ ನೋಡುವುದು, ಮತ್ತೆ ಒಂದು ಗೇಣು. ಮರ ಉರುಳಿ ಹಳ್ಳಕ್ಕೆ ಬಿದ್ದಾಗ ಗಾಡಿ ಅದರಿಂದ ಬಿಡಿಸಿಕೊಂಡು ಬಂದಾಗಿತ್ತು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮುಂದಿನ ಚಕ್ರಗಳು ಡಾಂಬರು ಮುಟ್ಟಿದವು, ಆಮೇಲೆ ಹಿಂದಿನವು. ಇಂಜಿನಿಯರ್ ಗಾಡಿಯಿಂದ ಇಳಿದವಳೇ ಬಂದು ಕೊಕ್ಕೆಯಕ್ಕನನ್ನು ತಬ್ಬಿಕೊಂಡಳು. ಇಬ್ಬರ ಮೈಯಲ್ಲೂ ಯಾರ ಕೆಸರು ಯಾರದೆಂದು ತಿಳಿಯದಷ್ಟು ಕೆಸರು. ಆಗ ಇವಳು ಅವಳ ಕೈ ಹಿಡಿದು ಮಾತು ಕೊಟ್ಟಳು.

ಲಾರಿ ಬೀದಿಗೆ ಇಳಿದಾಗ ನಾವು ಮದುವೆ ದಿಬ್ಬಣಕ್ಕೆ ಕಾದವರಂತೆ ಕಾದಿದ್ದೆವು. ಎಳೆದಳಂತೆ ಎಂಬ ಸುದ್ದಿ ಅವಳಿಗಿಂತ ಮುಂಚೆಯೇ ಬಂದಿತ್ತು. ಬೀದಿಯವರೆಲ್ಲ ಸೇರಿ ಕೂಗಿದ ಕೂಗಿಗೆ ತಗಡುಗಳು ಅದುರಿದವು. ಪಂಪಣ್ಣನ ಮುಖ ನೋಡಬೇಕಿತ್ತು, ಅವನೇ ಎಳೆದು ತಂದಷ್ಟು ಬೀಗುತ್ತಿದ್ದ. ಆ ಗಲಾಟೆ ಇಳಿಯುತ್ತಲೇ ಗೇರಜ್ಜ ಮೆಲ್ಲಗೆ ಕೇಳಿದರು: “ತಾಯಿ, ಏನದು? ಡೀಸೆಲ್ಲಾ?”

“ಗಾಡಿ ಅಜ್ಜ, ಗಾಡಿ,” ಎಂದಳು ಕೊಕ್ಕೆಯಕ್ಕ. “ನಾಲ್ಕು ಚಕ್ರ ಇತ್ತು. ಇನ್ನು ಕೇಳಬೇಡಿ. ಮಾತು ಕೊಟ್ಟು ಬಂದಿದೀನಿ.”

ಅವತ್ತಿನಿಂದ ನಮ್ಮ ಊಹೆಯೆಲ್ಲ ಗಾಡಿಯನ್ನು ಬಿಟ್ಟು ಅವಳ ಬೆನ್ನು ಹತ್ತಿತು. ಅವಳು ನಕ್ಕರೆ ಡೀಸೆಲ್, ಗಂಡನನ್ನು ಗದರಿದರೆ ಬ್ಯಾಟರಿ. ಒಂದು ದಿನ ಅಡುಗೆಗೆ ಉಪ್ಪು ಜಾಸ್ತಿಯಾಯಿತೆಂದು ಪಂಪಣ್ಣ ಬಾಯಿ ತಪ್ಪಿ ಹೇಳಿದ. ಮನಸ್ಸಿನಲ್ಲಿ ಚಿಂತೆಯಿದ್ದರೆ ಹಾಗಾಗುವುದು, ಬ್ಯಾಟರಿಯೇ ಖಚಿತ ಎಂದು ಕರೆಂಟು ತೀರ್ಪು ಕೊಟ್ಟ. ಗೇರಜ್ಜ ಅವಳಿಗೆ ಟೀ ಕುಡಿಸಿ ನೋಡಿದರು. ನಾನು ಅವಳ ಲಾರಿಗೆ ಕೇಳದೆಯೇ ಗಾಳಿ ಹಿಡಿದೆ. ಕರೆಂಟು ಜಾಣ, ಅಡ್ಡದಾರಿಯಿಂದ ಬಂದ: ಅತ್ತಿಗೆ, ಹೇಳೋದು ಬೇಡ, ನಾನು ಹೇಳಿದ್ದು ಸುಳ್ಳಾದರೆ ಕೆಮ್ಮಿ ಸಾಕು ಎಂದ. ಅವಳು ಆ ಹೊತ್ತಿಗೆ ನೆಗಡಿಯಾಗಿ ನಿಜವಾಗಿಯೂ ಕೆಮ್ಮು ಬಂದರೂ ಬಾಯಿಗೆ ಬಟ್ಟೆ ಒತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಒಳಗೆ ಹೋದಳು. ಅದಕ್ಕೂ ಎರಡು ಅರ್ಥ ಹುಟ್ಟಿದವು.

ನಮಗೆ ಅದು ಆಟ. ಅವಳಿಗೆ ಹಾಗಿರಲಿಲ್ಲ. ಏಕೆಂದರೆ ಆ ದಿನಗಳಲ್ಲೇ ಪಂಪಣ್ಣ, ತಮ್ಮನ ಮಾತಿಗೂ ಹೆಂಡತಿ ಅಷ್ಟು ದಿನ ಹೇಳಿದ್ದಕ್ಕೂ ಮಣಿದು, ಬೆಂಚು ಕೊಳ್ಳುವವನೊಬ್ಬನನ್ನು ಪಕ್ಕದ ಊರಿನಿಂದ ಬರಹೇಳಿದ್ದ. ಮಾರು ಮಾರು ಎಂದು ಗಂಟಲು ಹರಿದುಕೊಂಡವಳು ಈಗ ಬೇಡ ಎಂದರೆ ಅದೇ ಗುಟ್ಟು ಬಿಟ್ಟುಕೊಟ್ಟಂತೆ. ಸುಮ್ಮನಿದ್ದರೆ ಗಂಡನ ಬದುಕಿನ ಆಧಾರ ಕಣ್ಣೆದುರೇ ಹೋಗುತ್ತದೆ. ಅವಳು ಯಾರಿಗೂ ಹೇಳದೆ ಲಾರಿ ಹತ್ತಿಸಿಕೊಂಡು ಬೆಟ್ಟಕ್ಕೆ ಹೋಗಿ ಇಂಜಿನಿಯರನ್ನು ಕಂಡಳು. ಮನೆಯವರೊಬ್ಬರಿಗೆ ಮಾತ್ರ ಹೇಳಬಹುದೇ ಎಂದು ಕೇಳಿದಳು. ಇಂಜಿನಿಯರ್, ಆಗಲ್ಲ ಅಕ್ಕ ಎಂದಳಂತೆ. ಆಗುತ್ತೆ ಅಂದಿದ್ದರೆ ಅವಳ ಮೇಲಿನ ಗೌರವ ಒಂದು ತೂಕ ಕಡಿಮೆಯಾಗುತ್ತಿತ್ತು ಎಂದು ಕೊಕ್ಕೆಯಕ್ಕ ನನಗೆ ಆಮೇಲೆ ಹೇಳಿದಳು.

ಮನೆಗೆ ಬಂದು ಗಂಡನ ಎದುರು ಕೂತಳು.

“ರೀ, ಬೆಂಚಿನ ವಿಷಯ ಇನ್ನು ನನ್ನ ಕೇಳಬೇಡಿ. ಮಾರಿ ಅಂತ ಇಷ್ಟು ದಿನ ಹೇಳಿದ್ನಲ್ಲ, ಅದನ್ನೂ ಲೆಕ್ಕಕ್ಕೆ ತಗೋಬೇಡಿ. ನಾನು ಈ ಮನೆಯಲ್ಲೇ ಇಲ್ಲ ಅಂದ್ಕೊಂಡು ತೀರ್ಮಾನ ಮಾಡಿ.”

“ಅಂದ್ರೆ ನಿನಗೆ ಗೊತ್ತು.”

“ಗೊತ್ತಿದೆ ಅನ್ನೋದು ಊರಿಗೆಲ್ಲ ಗೊತ್ತು. ಏನು ಗೊತ್ತು ಅನ್ನೋದು ನನ್ನ ಹತ್ರ ಇರಲಿ.”

ಪಂಪಣ್ಣ ಅವಳ ಮುಖವನ್ನೇ ನೋಡಿದನಂತೆ. ಆಮೇಲೆ ತಾನಾಗಿಯೇ ಮುಖ ತಿರುಗಿಸಿಕೊಂಡು, “ನೋಡಲ್ಲ ಬಿಡು. ನೋಡಿದ್ರೆ ನಿನ್ನ ಮಾತು ನಾನೇ ಕದ್ದ ಹಾಗೆ,” ಎಂದ. ಆ ಮಾತನ್ನು ನೆನೆಯುವಾಗ ಅವಳ ದನಿ ಈಗಲೂ ಮೆತ್ತಗಾಗುತ್ತದೆ.

ಕೊಳ್ಳುವವನು ಬಂದ ದಿನ ನಾನೂ ಚಪ್ಪಲಿ ಬಿಟ್ಟು ಒಳಗೆ ಹೋಗಿ ನಿಂತಿದ್ದೆ. ಗೇರಜ್ಜ ಬಾಗಿಲಲ್ಲಿ, ಕರೆಂಟು ಅಣ್ಣನ ಪಕ್ಕ, ಕೊಕ್ಕೆಯಕ್ಕ ಹಿಂದಿನ ಗೋಡೆಗೆ ಒರಗಿಕೊಂಡು. ಯಂತ್ರ ಸರಿಯಿದೆಯೇ ಎಂದು ತೋರಿಸಿ ಎಂದ ಕೊಳ್ಳುವವನು. ಪಂಪಣ್ಣ ಒಂದು ಲಾರಿಯ ಪಂಪನ್ನು ಬೆಂಚಿಗೆ ಕಟ್ಟಿದ. ಅವನು ಆ ಕೆಲಸ ಮಾಡುವುದನ್ನು ನೋಡುವುದೇ ಒಂದು ಚೆಂದ. ಬೆರಳುಗಳು ಕಣ್ಣು ಮುಚ್ಚಿದರೂ ದಾರಿ ತಪ್ಪುವುದಿಲ್ಲ. ಯಂತ್ರ ತಿರುಗಿತು. ಗಾಜಿನ ಕೊಳವೆಗಳಲ್ಲಿ ಎಣ್ಣೆ ಏರಿತು. ಒಂದರಲ್ಲಿ ಮಾತ್ರ ಕೂದಲೆಳೆಯಷ್ಟು ಕೆಳಗೆ ನಿಂತಿತು. ಅವನು ಒಂದು ಸಣ್ಣ ತಿರುಪನ್ನು ತಿರುಗಿಸಿದ, ಮತ್ತೆ ಓಡಿಸಿದ. ಈಗ ಎಲ್ಲ ಕೊಳವೆಗಳಲ್ಲೂ ಎಣ್ಣೆ ಗೆರೆ ಎಳೆದಂತೆ ಒಂದೇ ಸಮ. ಅವನು ಅದನ್ನು ನೋಡುತ್ತ ನಿಂತ.

“ಅಣ್ಣ,” ಎಂದ ಕರೆಂಟು.

ಪಂಪಣ್ಣ ಕೈ ಒರೆಸಿಕೊಂಡು ಕೊಳ್ಳುವವನಿಗೆ ಹೇಳಿದ: “ದೂರದಿಂದ ಬಂದ್ರಿ, ಬೇಜಾರು ಮಾಡ್ಕೋಬೇಡಿ. ನಾನು ಕೊಡಲ್ಲ. ಮುಂದೆ ಏನು ಬರುತ್ತೋ ನನಗೆ ಗೊತ್ತಿಲ್ಲ. ಈಗ ಓಡ್ತಿರೋ ಗಾಡಿಗಳೇ ಇನ್ನೂ ಇದಾವೆ. ಇರೋವರೆಗೂ ಇದನ್ನೇ ಮಾಡ್ತೀನಿ. ಇದು ನನಗೆ ಬರೋ ಕೆಲಸ.”

ನಾನು ತಿರುಗಿ ಕೊಕ್ಕೆಯಕ್ಕನನ್ನು ನೋಡಿದೆ, ಎಲ್ಲರೂ ನೋಡಿದರು. ಅವಳು ಗೋಡೆಯ ಮೇಲಿನ ಗಡಿಯಾರವನ್ನು ನೋಡುತ್ತಿದ್ದಳು. ಕಲ್ಲಿಗಾದರೂ ಒಂದು ಭಾವ ಇರುತ್ತದೆ, ಅವಳ ಮುಖದಲ್ಲಿ ಅದೂ ಇರಲಿಲ್ಲ. ಆದರೆ ಬಂದವನಿಗೆ ಟೀ ತರುತ್ತೇನೆಂದು ಹೊರಗೆ ಹೋದವಳು ಲಾರಿಯ ಮರೆಯಲ್ಲಿ ನಿಂತು, ಮುದುಕಿಯ ಬಾನೆಟ್ಟಿಗೆ ಹಣೆ ಒತ್ತಿ ಭುಜ ಕುಣಿಸುತ್ತಿದ್ದುದು, ನನ್ನ ಅಂಗಡಿಗೆ ವಾಪಸಾದ ನನಗೆ ಕಾಣಿಸಿತು. ಅತ್ತಳೋ ನಕ್ಕಳೋ ಎಂದು ಆಗ ನನಗೆ ಗೊತ್ತಾಗಲಿಲ್ಲ. ಕಂಡದ್ದನ್ನು ನಾನೂ ಯಾರಿಗೂ ಹೇಳಲಿಲ್ಲ. ನಮ್ಮ ಬೀದಿಯಲ್ಲಿ ನಾನು ಬಾಯಿ ಮುಚ್ಚಿಕೊಂಡದ್ದು ಅದೊಂದೇ ಸಲ ಇರಬೇಕು.

ಒಂದು ವೇಳೆ ಪಂಪಣ್ಣ ಬೆಂಚನ್ನು ಮಾರಿಬಿಟ್ಟಿದ್ದರೆ ನೀನು ಏನು ಮಾಡುತ್ತಿದ್ದೆ ಎಂದು ಅವಳನ್ನು ಆಮೇಲೊಮ್ಮೆ ಕೇಳಿದ್ದೆ. ಬಿಡುಗಡೆಯ ಮಾರನೆಯ ದಿನವೇ ಮುದುಕಿಯನ್ನು ತೆಗೆದುಕೊಂಡು ಹೋಗಿ ಕೊಂಡವನ ಅಂಗಡಿಯಿಂದ ಅದಕ್ಕೆ ಕೊಕ್ಕೆ ಹಾಕಿ ಎಳೆದು ತರುತ್ತಿದ್ದೆ ಎಂದಳು. ತಮಾಷೆಗೆ ಹೇಳಿದಳೆಂದು ನನಗೆ ಅನಿಸಲಿಲ್ಲ.

ಬಿಡುಗಡೆಯ ದಿನ ಬಂತು. ಟೀ ಅಂಗಡಿಯಲ್ಲಿ ಕರೆಂಟಿನ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಎಲ್ಲರೂ ತಲೆಗೆ ತಲೆ ತಾಗಿಸಿ ನೋಡಿದೆವು. ವೇದಿಕೆಯ ಮೇಲೆ ಬಟ್ಟೆ ಸರಿಯಿತು. ಕೆಂಪು ಬಣ್ಣದ ಪಿಕಪ್ಪು, ಸುರುಳಿ ಗಿರುಳಿ ಏನೂ ಇಲ್ಲದೆ, ಸ್ನಾನ ಮಾಡಿ ಬಂದಂತೆ ನಿಂತಿತ್ತು. ಡೀಸೆಲ್ ಎಂದು ಅಲ್ಲಿಯವರು ಹೇಳಿದ ಮಾತು ಪೂರ್ತಿ ಕೇಳಿಸಲೇ ಇಲ್ಲ, ಅಷ್ಟರಲ್ಲಿ ಬೀದಿ ಎದ್ದು ನಿಂತಿತ್ತು. ಗೇರಜ್ಜ ಸ್ಪ್ಯಾನರಿನಿಂದ ತಗಡು ಬಾರಿಸಿದರು. ಯಾರೋ ಲಾರಿಯ ಹಾರನ್ನು ಒತ್ತಿ ಹಿಡಿದರು. ಕರೆಂಟು ಅಣ್ಣನನ್ನು ಎತ್ತಿಕೊಂಡು ಒಂದು ಸುತ್ತು ಹಾಕಿದ. ಸೋತದ್ದಕ್ಕೆ ಇಷ್ಟು ಸಂತೋಷಪಟ್ಟವನನ್ನು ನಾನು ಕಂಡಿಲ್ಲ. ಸಿಲಿಂಡರು ಮೂರೇ ಅಂತೆ, ಡೀಸೆಲ್ ಎಂಬುದೊಂದನ್ನು ಬಿಟ್ಟರೆ ಪಂಪಣ್ಣ ಹೇಳಿದ್ದೂ ಸರಿಯಿರಲಿಲ್ಲ. ನಾನು ಹೇಳಿದ ಆಕ್ಸಲ್ಲಿನ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಮೇಲೆ ಎಲ್ಲರೂ ಲಾರಿಯ ಕಡೆ ತಿರುಗಿದರು. ಕೊಕ್ಕೆಯಕ್ಕ ಮುದುಕಿಯ ಮೆಟ್ಟಿಲ ಮೇಲೆ ನಿಂತು ನಗುತ್ತಿದ್ದಳು, ಬಾಯಿ ತುಂಬ, ಅಷ್ಟು ದಿನ ತಡೆದಿದ್ದೆಲ್ಲ ಸೇರಿಸಿ. ಇನ್ನಾದರೂ ಹೇಳು ತಾಯಿ ಎಂದರು ಗೇರಜ್ಜ. ಅವಳು ಮೆಟ್ಟಿಲ ಮೇಲೇ ನಿಂತುಕೊಂಡು ಮೊದಲಿನಿಂದ ಹೇಳಿದಳು: ಮರ, ಬಂಡೆ, ರಾಟೆ, ಮುಂದಿನ ಚಕ್ರ ನೆಲ ಬಿಟ್ಟದ್ದು. ಕೆಲಸಕ್ಕೆ ಬಿಟ್ಟ ಗಾಡಿಗಳ ಮಾಲೀಕರು ಬಂದು ಕಾಯುತ್ತಿದ್ದರು, ಅವರೂ ನಿಂತು ಕೇಳಿದರು. ಕರೆಂಟು ಅತ್ತಿಗೆಯ ಎದುರು ಬಂದು ಕೈ ಮುಗಿದು, “ನನ್ನ ಕೈಲಿ ಒಂದು ದಿನಾನೂ ಆಗ್ತಿರಲಿಲ್ಲ ಅತ್ತಿಗೆ,” ಎಂದ. ಅವಳು ಅವನ ತಲೆಗೆ ಮೆತ್ತಗೆ ಒಂದು ಕೊಟ್ಟು, ಲಾರಿ ನಿಲ್ಲಿಸುವ ಜಾಗದಲ್ಲಿ ನಿನ್ನ ಚಾರ್ಜಿಂಗ್ ಪೆಟ್ಟಿಗೆ ಹಾಕ್ಕೋ, ಮುದುಕಿ ಬೀದಿ ಕೊನೆಯ ಮರದ ಕೆಳಗೆ ಇರ್ತಾಳೆ ಎಂದಳು. ಈಗ ಅವನ ಪೆಟ್ಟಿಗೆಗಳು ಅಲ್ಲಿ ಇವೆ. ಅದಕ್ಕೂ ಜನ ಬರುತ್ತಾರೆ.

ಕೆಲವು ದಿನ ಕಳೆದು ಇಂಜಿನಿಯರ್ ತಾನೇ ಒಂದು ಹೊಸ ಪಿಕಪ್ಪನ್ನು ಓಡಿಸಿಕೊಂಡು ನಮ್ಮ ಬೀದಿಗೆ ಬಂದಳು. ಬೆಟ್ಟದ ಪರೀಕ್ಷೆಗೆ ಮುಂದೆ ಯಾವ ಗಾಡಿ ತಂದರೂ ಕೊಕ್ಕೆಯಕ್ಕನ ಲಾರಿ ಜೊತೆಗಿರಬೇಕು ಎಂದು ಕಂಪನಿಯಲ್ಲಿ ಒಪ್ಪಿಸಿ ಬಂದಿದ್ದಳು. ಅದನ್ನು ಹೇಳಿ, ಬೀಗದ ಕೈಯನ್ನು ಇವಳ ಮುಂದೆ ಹಿಡಿದಳು. “ಅಕ್ಕ, ಅವತ್ತು ಎಳೆದಿರಿ. ಇವತ್ತು ಓಡಿಸಿ.”

ಪಂಪಣ್ಣ ಬಾನೆಟ್ಟಿನ ಒಳಗೆ ತಲೆ ಹಾಕಿದ್ದವನು ಹೊರಗೆ ತೆಗೆಯಲೇ ಒಪ್ಪಲಿಲ್ಲ. ಅವನನ್ನು ಎಳೆದು ಪಕ್ಕದಲ್ಲಿ ಕೂರಿಸಿದರು. ಇಂಜಿನಿಯರ್, ಗೇರಜ್ಜ, ಕರೆಂಟು, ನಾನು ಹಿಂದಿನ ತೊಟ್ಟಿಯಲ್ಲಿ. ಕೊಕ್ಕೆಯಕ್ಕ ಕನ್ನಡಿ ಸರಿಮಾಡಿಕೊಂಡು ಗಾಡಿ ಬಿಟ್ಟಳು. ಏರಿನಲ್ಲಿ ಗಾಡಿ ಒಂದು ಸಲವೂ ಉಸಿರು ಬಿಡಲಿಲ್ಲ. ಮುಂದೆ ಪಂಪಣ್ಣ ಎಂಜಿನ್ನಿನ ಬಗ್ಗೆ ಒಂದೇ ಸಮನೆ ಮಾತಾಡುತ್ತಿದ್ದುದು ಗಾಳಿಯಲ್ಲಿ ನಮಗೂ ಕೇಳಿಸುತ್ತಿತ್ತು. ಅವಳು ಹೂಂ ಹೂಂ ಎನ್ನುತ್ತಿದ್ದಳು. ತುದಿಯಲ್ಲಿ ಎಲ್ಲರೂ ಇಳಿದು ಕೆಳಗೆ ನಮ್ಮ ಬೀದಿಯ ತಗಡುಗಳು ಬಿಸಿಲಿಗೆ ಮಿನುಗುವುದನ್ನು ನೋಡಿದೆವು. ಇಳಿಯುವಾಗ ನಾನು ಓಡಿಸಲೇ ಎಂದು ಪಂಪಣ್ಣ ಕೇಳಿದ. ಅವಳು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡಳು. ಇಳಿಯುವಾಗಲೂ ಅವಳೇ ಓಡಿಸಿದಳು.